ತಲೆಗೇರಿದ ಜ್ವರ: ದುರ್ಗದ ಸೀಮೆಯ ಒಂದು ಸಾಂಕ್ರಾಮಿಕದ ಕಥೆ

"ಜ್ವರ ತಲೆಗೇರಿತು" ಎಂಬ ಮಾತು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದದ್ದು. ರೋಗಿಯು ಎಚ್ಚರ ತಪ್ಪಿ ಏನೇನೋ ಬಡಬಡಿಸತೊಡಗಿದರೆ, ಎದುರಿಗೆ ನಿಂತ ಮಗನನ್ನೇ ಗುರುತಿಸದೆ ಹೋದರೆ, ಹಾಸಿಗೆಯ ಅಂಚನ್ನು ಬೆರಳಿನಿಂದ ಕೀಳತೊಡಗಿದರೆ, ಹಿರಿಯರು ಮುಖ ಸಣ್ಣದು ಮಾಡಿಕೊಂಡು "ಇದು ಸನ್ನಿ" ಎನ್ನುತ್ತಿದ್ದರು. ಆಯುರ್ವೇದದ ಸನ್ನಿಪಾತವೆಂಬ ಶಬ್ದವೇ ಜನರ ಬಾಯಲ್ಲಿ ಸವೆದು ಸನ್ನಿಯಾಯಿತು. ವಾತ, ಪಿತ್ತ, ಕಫಗಳು ಮೂರೂ ಒಂದೇ ಕಾಲಕ್ಕೆ ಕೆರಳಿದ ಸ್ಥಿತಿಯೆಂಬುದು ಅದರ ಅರ್ಥ. ಕಾರಣದ ವಿವರಣೆ ಇಂದು ಬೇರೆಯಾಗಿದೆ, ನಿಜ. ಆದರೆ ಕೆಲವು ಜ್ವರಗಳು ಮೈಯನ್ನು ಮಾತ್ರ ಸುಟ್ಟು ಹೋಗುತ್ತವೆ, ಮತ್ತೆ ಕೆಲವು ಬುದ್ಧಿಯ ಮನೆಗೇ ನುಗ್ಗುತ್ತವೆ, ಹಾಗೆ ನುಗ್ಗಿದಾಗ ರೋಗಿಯ ಪ್ರಾಣಕ್ಕೇ ಸಂಚಕಾರ ಎಂಬ ಹಿರಿಯರ ಅವಲೋಕನ ಮಾತ್ರ ಸುಳ್ಳಾಗಲಿಲ್ಲ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಗೆ ಅಂಥ ಒಂದು ಜ್ವರ ಬಂದಿತು. "ಕೊಲ್ಲದ ಜ್ವರ" ಎಂಬ ಹೆಸರು ಪಡೆದಿದ್ದ ಅದು ಆ ಹೆಸರಿಗೆ ಎಷ್ಟರಮಟ್ಟಿಗೆ ಅರ್ಹವಾಗಿದ್ದಿತು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ನೆಲದ ಮಾತು. ದುರ್ಗದ ಸೀಮೆ ಮಳೆಯ ನೆರಳಿನ ಸೀಮೆ. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆ ಬಂದರೆ ಅದೇ ಭಾಗ್ಯ. ಆದುದರಿಂದ ಇಲ್ಲಿಯ ಇತಿಹಾಸವೆಂದರೆ ಬಹುಪಾಲು ನೀರನ್ನು ಹಿಡಿದಿಟ್ಟುಕೊಂಡ ಇತಿಹಾಸ. ಪಾಳೆಯಗಾರರ ಕಾಲದ ಕೋಟೆಯನ್ನು ಹತ್ತಿದವರಿಗೆ ಇದು ತಿಳಿದ ಸಂಗತಿ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕೆಳಗೆ ಊರಿನ ಬಳಿಯ ಸಿಹಿನೀರು ಹೊಂಡ, ಸಂತೆ ಹೊಂಡ ಹೀಗೆ ಬಂಡೆಯ ಮೇಲೆ ಬಿದ್ದ ಹನಿಯನ್ನು ಪೋಲಾಗಲು ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡ ಜಾಣ್ಮೆ ಅಲ್ಲಿ ಕಾಣುತ್ತದೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿ ಕಣಿವೆಯ ಅಣೆಕಟ್ಟು ೧೮೯೮ರಲ್ಲಿ ಆರಂಭವಾಗಿ ೧೯೦೭ರಲ್ಲಿ ಮುಗಿಯಿತು. ಮಹಾರಾಣಿಯವರ ಹೆಸರಿನಿಂದ ವಾಣಿವಿಲಾಸ ಸಾಗರವೆನಿಸಿದ ಆ ಜಲಾಶಯ ೧೯೩೩ರಲ್ಲಿ ತುಂಬಿ ಕೋಡಿ ಬಿದ್ದಿತು. ಮತ್ತೊಮ್ಮೆ ಕೋಡಿ ಬೀಳಲು ೨೦೨೨ನೆಯ ಇಸವಿಯವರೆಗೆ ಕಾಯಬೇಕಾಯಿತು. ಒಂದು ಜಲಾಶಯ ತುಂಬುವುದನ್ನು ನೋಡಲು ಮೂರು ತಲೆಮಾರು ಕಾದ ಜನಕ್ಕೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ದೊರೆಗಳು ಹೊಂಡದಲ್ಲಿ ಹಿಡಿದಿಟ್ಟುದನ್ನು ಗೃಹಿಣಿಯರು ಹಂಡೆ, ಗುಡಾಣ, ಕಲ್ಲುಬಾನಿಗಳಲ್ಲಿ ಹಿಡಿದಿಟ್ಟರು. ನಲ್ಲಿಯ ನೀರು ಬಂದ ಮೇಲೂ ಈ ಅಭ್ಯಾಸ ತಪ್ಪಲಿಲ್ಲ. ನಾಲ್ಕು ದಿನಕ್ಕೋ ವಾರಕ್ಕೋ ಒಮ್ಮೆ ಬರುವ ನಲ್ಲಿಯನ್ನು ನೆಚ್ಚಿ ಕುಳಿತರೆ ಸಂಸಾರ ಸಾಗೀತೆ? ಮನೆಯ ಮುಂದೆ ಸಿಮೆಂಟಿನ ತೊಟ್ಟಿ, ಬಚ್ಚಲಲ್ಲಿ ಡ್ರಮ್ಮು, ಮಾಳಿಗೆಯ ಮೇಲೆ ಪ್ಲಾಸ್ಟಿಕ್ಕಿನ ಟ್ಯಾಂಕು, ಹಿತ್ತಲಲ್ಲಿ ದನಕರುಗಳ ಬಾನಿ. ತೋಟದ ಊರುಗಳಾದರೆ ಇವುಗಳ ಜೊತೆಗೆ ಬಿಸುಟ ತೆಂಗಿನ ಚಿಪ್ಪು, ಮಳೆನೀರು ತುಂಬಿದ ಅಡಿಕೆಯ ಹಾಳೆ.

ಇಂಥ ನಿಂತ ನೀರನ್ನೇ ಬಯಸುವ ಸೊಳ್ಳೆಯೊಂದುಂಟು. ಅದರ ಶಾಸ್ತ್ರೀಯ ನಾಮ ಈಡಿಸ್ ಈಜಿಪ್ಟೈ. ಕಾಲಿನ ಮೇಲೆ ಬಿಳಿಯ ಪಟ್ಟೆಗಳುಳ್ಳ ಈ ಸೊಳ್ಳೆ ಚರಂಡಿಯ ಕೊಳಕನ್ನು ಒಲ್ಲದು, ಮನೆಯ ತಿಳಿನೀರೇ ಅದಕ್ಕೆ ಬೇಕು. ಮಲೇರಿಯದ ಸೊಳ್ಳೆ ಇರುಳಿನಲ್ಲಿ ಕಚ್ಚಿದರೆ ಇದು ಹಗಲಿನಲ್ಲಿ ಕಚ್ಚುತ್ತದೆ. ತೊಟ್ಟಿಯ ಒಳಗೋಡೆಗೆ, ನೀರಿನ ಗೆರೆಗಿಂತ ತುಸು ಮೇಲೆ, ಮೊಟ್ಟೆಗಳನ್ನು ಅಂಟಿಸುತ್ತದೆ. ನೀರು ಬತ್ತಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಕೊಂಡೇ ಬದುಕಿರುತ್ತವೆ. ಮತ್ತೆ ನೀರು ತಾಗಿದೊಡನೆ ಒಡೆದು, ಹುಳುವಾಗಿ, ಏಳರಿಂದ ಹತ್ತು ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತವೆ. ಬರಗಾಲವನ್ನು ಮನುಷ್ಯನಿಗಿಂತ ಚೆನ್ನಾಗಿ ತಾಳಿಕೊಳ್ಳುವ ಪ್ರಾಣಿ ಇದೆಂದರೆ ತಪ್ಪಾಗಲಾರದು.

ಇನ್ನು ಜ್ವರದ ಮಾತು. ೧೯೫೨ನೆಯ ಇಸವಿಯಲ್ಲಿ ಪೂರ್ವ ಆಫ್ರಿಕದ ಟಾಂಗನ್ಯಿಕದಲ್ಲಿ, ಮಕೊಂಡೆ ಎಂಬ ಪ್ರಸ್ಥಭೂಮಿಯ ಜನರ ನಡುವೆ, ಹೊಸದೊಂದು ಜ್ವರ ತಲೆದೋರಿತು. ಕೀಲುಕೀಲುಗಳಲ್ಲಿ ತಾಳಲಾರದ ನೋವು ಬಂದು, ರೋಗಿ ಬೆನ್ನು ಬಗ್ಗಿಸಿಕೊಂಡು ನಡೆಯಬೇಕಾಯಿತು. ಅಲ್ಲಿಯವರು ತಮ್ಮ ಭಾಷೆಯಲ್ಲಿ ಅದನ್ನು ಚಿಕುನ್‌ಗುನ್ಯ ಎಂದು ಕರೆದರು. ಬಗ್ಗಿಸುವಂಥದು, ಮುರುಟಿಸುವಂಥದು ಎಂದು ಆ ಪದದ ತಾತ್ಪರ್ಯ. ನಮ್ಮಲ್ಲಿ ಹೆಸರಿನ ಧ್ವನಿಯನ್ನು ಕೇಳಿ ಇದು ಕೋಳಿಯಿಂದ ಬರುವ ಕಾಯಿಲೆಯೆಂದು ತಿಳಿದವರುಂಟು. ಕೋಳಿಗೂ ಇದಕ್ಕೂ ಯಾವ ನಂಟೂ ಇಲ್ಲ. ರಾಬಿನ್‌ಸನ್ ಮತ್ತು ಲಮ್ಸ್‌ಡೆನ್ ಎಂಬ ಇಬ್ಬರು ೧೯೫೫ರಲ್ಲಿ ಆ ಸಾಂಕ್ರಾಮಿಕವನ್ನು ವಿವರಿಸಿ ಬರೆದರು. ಆ ಮಕೊಂಡೆಯ ನೆಲವೂ ನೀರಿಲ್ಲದ ನೆಲ, ಅಲ್ಲಿಯವರೂ ದೂರದಿಂದ ನೀರು ತಂದು ಗುಡಿಸಲಿನೊಳಗೆ ತುಂಬಿಡುತ್ತಿದ್ದರು, ಸೊಳ್ಳೆ ಬೆಳೆದದ್ದು ಆ ನೀರಿನಲ್ಲಿಯೇ. ಜ್ವರದ ಹುಟ್ಟೂರಿನ ಚಿತ್ರವನ್ನು ಓದಿದರೆ ನಮ್ಮ ಬಯಲುಸೀಮೆಯ ನೆನಪಾಗದಿರದು.

ಭಾರತಕ್ಕೆ ಈ ಜ್ವರ ಬಂದಿತೆಂದು ಗೊತ್ತಾದದ್ದು ೧೯೬೩ರಲ್ಲಿ, ಕಲ್ಕತ್ತೆಯಲ್ಲಿ. ಮಾರನೆಯ ವರ್ಷ ಮದರಾಸು, ವೆಲ್ಲೂರು, ಪಾಂಡಿಚೇರಿಗಳಲ್ಲಿ, ೧೯೬೫ರಲ್ಲಿ ವಿಶಾಖಪಟ್ಟಣ, ನಾಗಪುರ ಮೊದಲಾದ ಕಡೆಗಳಲ್ಲಿ ಕಾಣಿಸಿಕೊಂಡಿತು. ೧೯೭೩ರಲ್ಲಿ ಮಹಾರಾಷ್ಟ್ರದ ಬಾರ್ಸಿಯಲ್ಲಿ ಒಮ್ಮೆ ತೋರಿ, ಬಳಿಕ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸದ್ದಡಗಿದ್ದಿತು. ಒಂದು ತಲೆಮಾರಿನ ವೈದ್ಯರು ಇದನ್ನು ಪುಸ್ತಕದಲ್ಲಿ ಮಾತ್ರ ಕಂಡರು. ೨೦೦೫ರಲ್ಲಿ ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಇದು ಭುಗಿಲೆದ್ದಿತು. ಆ ವರ್ಷದ ಕೊನೆಯ ಹೊತ್ತಿಗೆ ಆಂಧ್ರ ಮತ್ತು ಕರ್ನಾಟಕಗಳಿಗೆ ಕಾಲಿಟ್ಟಿತು. ಹಿಂದೆ ಬಂದಿದ್ದುದು ಏಷ್ಯದ ವಂಶದ ವೈರಸ್ಸು, ಈ ಬಾರಿ ಬಂದದ್ದು ಆಫ್ರಿಕದ ವಂಶದ್ದು. ಅದನ್ನು ಎದುರಿಸುವ ಶಕ್ತಿ ನಮ್ಮ ಜನರ ರಕ್ತದಲ್ಲಿ ಇದ್ದಿಲ್ಲ.

೨೦೦೬ನೆಯ ಇಸವಿಯಲ್ಲಿ ಇಡೀ ಭಾರತದಲ್ಲಿ ಸಂಶಯಿತ ರೋಗಿಗಳ ಸಂಖ್ಯೆ ಸುಮಾರು ೧೪ ಲಕ್ಷವೆಂದು ಸರ್ಕಾರದ ಲೆಕ್ಕ. ಅದರಲ್ಲಿ ಕರ್ನಾಟಕವೊಂದರ ಪಾಲೇ ೭,೫೨,೨೪೫. ಎಂದರೆ ದೇಶದ ಅರ್ಧಕ್ಕೂ ಮಿಕ್ಕು. ಬೀದರು, ಗುಲ್ಬರ್ಗ, ರಾಯಚೂರು, ಬಿಜಾಪುರ, ಬಳ್ಳಾರಿ, ಚಿತ್ರದುರ್ಗ, ದಾವಣಗೆರೆ, ತುಮಕೂರು, ಕೋಲಾರ ಇವು ಹೆಚ್ಚಾಗಿ ನರಳಿದ ಜಿಲ್ಲೆಗಳು. ಈ ಪಟ್ಟಿಯನ್ನು ಮಳೆಯ ನಕ್ಷೆಯ ಪಕ್ಕದಲ್ಲಿಟ್ಟು ನೋಡಬೇಕು. ಇವೆಲ್ಲವೂ ಬಯಲುಸೀಮೆಯ, ನೀರು ಕೂಡಿಡುವ ಜಿಲ್ಲೆಗಳೇ. ಸೊಳ್ಳೆ ತಾನಾಗಿ ನೂರಿನ್ನೂರು ಮೀಟರಿಗಿಂತ ದೂರ ಹಾರುವುದು ಅಪರೂಪ. ಆದರೆ ರಕ್ತದಲ್ಲಿ ವೈರಸ್ಸನ್ನು ಹೊತ್ತ ಮನುಷ್ಯ ಬಸ್ಸು ಹತ್ತಿ ಒಂದೇ ಹಗಲಿನಲ್ಲಿ ಮೂರು ಜಿಲ್ಲೆ ದಾಟುತ್ತಾನೆ. ಅವನಿಳಿದ ಊರಿನ ತೊಟ್ಟಿಗಳಲ್ಲಿ ಸೊಳ್ಳೆಗಳು ಕಾದಿರುತ್ತವೆ.

ಕೂಲಿಯನ್ನೇ ನೆಚ್ಚಿದ ಮನೆಗಳಿಗೆ ಇದೆಂಥ ಪೆಟ್ಟೆಂಬುದನ್ನು ಊಹಿಸುವುದು ಕಷ್ಟವಲ್ಲ. ಕುಡುಗೋಲು ಹಿಡಿಯುವ ಕೈ ಮುಷ್ಟಿ ಕಟ್ಟಲಾರದೆ ಹೋದರೆ ಆ ದಿನದ ಒಲೆ ಉರಿಯುವುದು ಹೇಗೆ? ಜ್ವರ ನಾಲ್ಕೈದು ದಿನಗಳಲ್ಲಿ ಇಳಿದರೂ ಕೀಲುನೋವು ತಿಂಗಳುಗಟ್ಟಲೆ ಉಳಿಯಿತು. ಆದರೂ "ನೋವು ಕೊಡುತ್ತದೆ, ಕೊಲ್ಲುವುದಿಲ್ಲ" ಎಂಬುದು ಎಲ್ಲರ ಸಮಾಧಾನ. ಸರ್ಕಾರದ ಲೆಕ್ಕದಲ್ಲಿಯೂ ೨೦೦೬ರಲ್ಲಿ ಚಿಕುನ್‌ಗುನ್ಯದಿಂದ ಸತ್ತವರ ಕಾಲಂನಲ್ಲಿ ಸೊನ್ನೆಯೇ ಇದ್ದಿತು.

ಈ ಸೊನ್ನೆಯನ್ನು ಇತಿಹಾಸಕಾರನು ನಿಂತು ನೋಡಬೇಕಾಗಿದೆ. ಫ್ರಾನ್ಸಿಗೆ ಸೇರಿದ ರೆಯೂನಿಯನ್ ದ್ವೀಪದಲ್ಲಿ ಅದೇ ೨೦೦೫-೦೬ರಲ್ಲಿ ಸುಮಾರು ೨ ಲಕ್ಷ ೬೬ ಸಾವಿರ ಜನ, ಎಂದರೆ ದ್ವೀಪದ ಮೂರರಲ್ಲೊಂದು ಪಾಲು, ಈ ಜ್ವರದಿಂದ ಮಲಗಿದರು. ಅಲ್ಲಿ ತೀವ್ರ ನಿಗಾ ಘಟಕಗಳಿದ್ದುವು, ಬೆನ್ನುಹುರಿಯ ನೀರನ್ನು ತೆಗೆದು ಪರೀಕ್ಷಿಸುವ ಪ್ರಯೋಗಾಲಯಗಳಿದ್ದುವು. ಹುಡುಕಿದವರಿಗೆ ಕಂಡಿತು. ವೈರಸ್ಸು ಮಿದುಳಿಗೆ ಇಳಿದು ಉರಿಯೂತವೆಬ್ಬಿಸಿದ ರೋಗಿಗಳು ಸಿಕ್ಕಿದರು. ಲಕ್ಷ ಜನಸಂಖ್ಯೆಗೆ ೮.೬ರಂತೆ ಅಂಥವರ ಪ್ರಮಾಣವೆಂದೂ, ಎಳೆಗೂಸುಗಳಲ್ಲಿ ಮತ್ತು ೬೫ ದಾಟಿದ ವೃದ್ಧರಲ್ಲಿ ಅದು ಹಲವು ಪಟ್ಟು ಹೆಚ್ಚೆಂದೂ, ಅವರಲ್ಲಿ ಆರರಲ್ಲೊಬ್ಬರು ಬದುಕುಳಿಯಲಿಲ್ಲವೆಂದೂ ವೈದ್ಯರು ಲೆಕ್ಕ ಹಾಕಿದರು. ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಲ್ಲಿ ವೈರಸ್ಸಿದ್ದರೆ ಸುಮಾರು ಅರ್ಧದಷ್ಟು ಶಿಶುಗಳಿಗೆ ಸೋಂಕು ತಗುಲಿತು, ಕೆಲವು ಮಕ್ಕಳ ಮಿದುಳು ಶಾಶ್ವತವಾಗಿ ನೊಂದಿತು. ನಮ್ಮ ದೇಶದಲ್ಲಿಯೂ ೧೯೬೦ರ ದಶಕದ ವೈದ್ಯರು ಈ ಜ್ವರದೊಡನೆ ನರಮಂಡಲದ ತೊಂದರೆಗಳನ್ನು ಗಮನಿಸಿ ಬರೆದಿಟ್ಟಿದ್ದರು. ೨೦೦೬ರ ಬಳಿಕ ನಾಗಪುರವೇ ಮೊದಲಾದ ಕಡೆಯ ವೈದ್ಯರು ಮಿದುಳಿನ ಉರಿಯೂತ, ಬೆನ್ನುಹುರಿಯ ಉರಿಯೂತ, ಕಣ್ಣಿನ ನರದ ಉರಿಯೂತ, ಕೈಕಾಲುಗಳ ಸೋಲು ಇವನ್ನೆಲ್ಲ ವರದಿ ಮಾಡಿದರು.

ಅಹಮದಾಬಾದಿನ ಸಂಶೋಧಕರು ಬೇರೊಂದು ದಾರಿ ಹಿಡಿದರು. ಸಾವಿನ ಕಾರಣವನ್ನು ಕೇಳದೆ, ಸತ್ತವರ ಒಟ್ಟು ಸಂಖ್ಯೆಯನ್ನು ಹಿಂದಿನ ವರ್ಷಗಳೊಡನೆ ಹೋಲಿಸಿದರು. ೨೦೦೬ರ ಆಗಸ್ಟಿನಿಂದ ನವೆಂಬರಿನವರೆಗೆ ಆ ನಗರವೊಂದರಲ್ಲೇ ನಿರೀಕ್ಷೆಗಿಂತ ೨,೯೪೪ ಸಾವು ಹೆಚ್ಚಾಗಿದ್ದಿತು. ಎಲ್ಲವೂ ಈ ಜ್ವರದಿಂದಲೇ ಎಂದು ಆಣೆ ಮಾಡಿ ಹೇಳಲಾಗದು. ಆದರೆ ಸೊನ್ನೆ ಎಂಬುದೂ ನಿಲ್ಲದು. ಒಬ್ಬ ವೃದ್ಧರು ಜ್ವರ ಬಂದ ನಾಲ್ಕನೆಯ ದಿನ ಮಂಕಾಗಿ, ಆರನೆಯ ದಿನ ಉಸಿರು ಬಿಟ್ಟರೆ ಮನೆಯವರು "ವಯಸ್ಸಾಗಿತ್ತು" ಎನ್ನುತ್ತಾರೆ. ಲೆಕ್ಕದ ಪುಸ್ತಕವೂ ಹಾಗೆಯೇ ಎನ್ನುತ್ತದೆ. ಸಾವಿರದಲ್ಲೊಬ್ಬರಿಗೂ ಬಾರದ ತೊಡಕು ಅಪರೂಪದ್ದೇ ಸರಿ. ಆದರೆ ಲಕ್ಷಗಟ್ಟಲೆ ಜನ ಮಲಗಿದಾಗ ಅಪರೂಪವೂ ಗುಂಪಾಗುತ್ತದೆ.

ಹಾಗಾದರೆ ಜ್ವರ ತಲೆಗೇರುವುದು ಹೇಗೆ? ಮುಖ್ಯವಾಗಿ ಮೂರು ದಾರಿಗಳನ್ನು ವೈದ್ಯಶಾಸ್ತ್ರ ಹೇಳುತ್ತದೆ. ಮೊದಲನೆಯದು, ವೈರಸ್ಸು ತಾನೇ ಒಳಹೊಗುವುದು. ಮಿದುಳಿನ ರಕ್ತನಾಳಗಳ ಗೋಡೆ ಕೋಟೆಯ ಗೋಡೆಯಂತೆ ಬಿಗಿಯಾದದ್ದು, ಸಾಮಾನ್ಯವಾಗಿ ಹೊರಗಿನದನ್ನು ಒಳಬಿಡದು. ಆದರೆ ಒನಕೆ ಓಬವ್ವನ ಕಥೆ ಕೇಳಿದವರಿಗೆ ಗೊತ್ತು, ಎಂಥ ಕೋಟೆಗೂ ಒಂದು ಕಿಂಡಿ ಇರುತ್ತದೆ. ಎರಡನೆಯದು, ವೈರಸ್ಸನ್ನು ಅಟ್ಟಲು ಹೊರಟ ನಮ್ಮ ದೇಹದ ಸೈನ್ಯವೇ ದಾರಿ ತಪ್ಪಿ ನರಗಳ ಮೇಲೆ ಬೀಳುವುದು. ಜ್ವರ ಬಿಟ್ಟು ವಾರವೋ ಎರಡು ವಾರವೋ ಆದಮೇಲೆ ಪಾದದಿಂದ ಆರಂಭವಾಗಿ ಮೇಲುಮೇಲಕ್ಕೆ ಏರುವ ನಿಶ್ಶಕ್ತಿ ಇದರ ಗುರುತು. ೧೯೧೬ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯರ ಹೆಸರಿನಿಂದ ಇದನ್ನು ಗಿಲಾನ್-ಬಾರೆ ರೋಗವೆನ್ನುತ್ತಾರೆ. ಎದೆಯ ಸ್ನಾಯುಗಳವರೆಗೆ ಏರಿದರೆ ಉಸಿರಾಟಕ್ಕೆ ಯಂತ್ರದ ಆಸರೆ ಬೇಕಾಗುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಹೆಚ್ಚಿನವರು ಮತ್ತೆ ನಡೆಯುತ್ತಾರೆ. ಮೂರನೆಯದು, ವೈರಸ್ಸು ಮಿದುಳನ್ನು ಮುಟ್ಟದಿದ್ದರೂ ಮೈಯೆಲ್ಲ ಕೆಟ್ಟಾಗ ಮಿದುಳು ಕೆಡುವುದು. ರಕ್ತದಲ್ಲಿ ಆಮ್ಲಜನಕ ಇಳಿದರೆ, ಲವಣಾಂಶ ಏರುಪೇರಾದರೆ, ಮೂತ್ರಪಿಂಡ ಸೋತರೆ, ರಕ್ತ ಹೆಪ್ಪುಗಟ್ಟಿ ನಾಳವನ್ನು ಕಟ್ಟಿದರೆ ಬುದ್ಧಿ ಮಸುಕಾಗುತ್ತದೆ. ನಮ್ಮ ಹಿರಿಯರ ಸನ್ನಿ ಬಹುಮಟ್ಟಿಗೆ ಇದೇ.

ಕರ್ನಾಟಕಕ್ಕೆ ಈ ಪಾಠ ಹೊಸದಾಗಿರಲಿಲ್ಲ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಅದೇ ಕಾಲಕ್ಕೆ ಜನರಿಗೂ ಉಣ್ಣೆಹುಳುವಿನಿಂದ ಜ್ವರ ಬಂದಿತು. ಆ ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಎರಡು ಸಲ ಬರುತ್ತದೆ. ಗುಣವಾಯಿತೆಂದು ಎದ್ದು ಕುಳಿತ ರೋಗಿಗೆ ಒಂದೆರಡು ವಾರಗಳ ಮೇಲೆ ಮತ್ತೆ ಜ್ವರವೇರಿ, ತಲೆ ಸಿಡಿದು, ಕತ್ತು ಬಿಗಿದು, ಕೈ ನಡುಗಿ, ಮಾತು ತಪ್ಪುತ್ತದೆ. ಆ ವೈರಸ್ಸನ್ನು ಪತ್ತೆ ಮಾಡಿದುದು ಪುಣೆಯ ವೈರಸ್ ಸಂಶೋಧನ ಕೇಂದ್ರ. ಅದು ಸ್ಥಾಪನೆಯಾದುದು ೧೯೫೨ರಲ್ಲಿ, ಮಕೊಂಡೆಯಲ್ಲಿ ಚಿಕುನ್‌ಗುನ್ಯ ತಲೆದೋರಿದ ವರ್ಷದಲ್ಲಿಯೇ.

ಅದೇ ೧೯೫೨ರಲ್ಲಿ ಮೂರನೆಯದೊಂದು ಘಟನೆಯೂ ನಡೆಯಿತು. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿತು. ಅದು ಬೆನ್ನುಹುರಿಯ ನರಗಳನ್ನೇ ಕೊಲ್ಲುವ ವೈರಸ್ಸು. ಬ್ಲೆಗ್‌ಡಾಮ್ ಆಸ್ಪತ್ರೆಗೆ ಬಂದ, ಉಸಿರಾಟದ ಸ್ನಾಯುಗಳು ಸೋತ ಮೊದಲ ೩೧ ರೋಗಿಗಳಲ್ಲಿ ೨೭ ಮಂದಿ ಸತ್ತರು. ಆಗ ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ವೈದ್ಯರು ಆಗಸ್ಟ್ ೨೭ರಂದು ಹನ್ನೆರಡು ವರ್ಷದ ಬಾಲಕಿಯೊಬ್ಬಳ ಗಂಟಲಿಗೆ ನಳಿಗೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಉಸಿರು ತುಂಬಿ ಬದುಕಿಸಿದರು. ಬಳಿಕ ಸುಮಾರು ೧,೫೦೦ ವೈದ್ಯವಿದ್ಯಾರ್ಥಿಗಳು ಸರದಿಯ ಮೇಲೆ, ಹಗಲೂ ಇರುಳೂ, ರೋಗಿಗಳ ಪಕ್ಕದಲ್ಲಿ ಕುಳಿತು ಚೀಲ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ಇಂದಿನ ತೀವ್ರ ನಿಗಾ ಘಟಕ ಹುಟ್ಟಿದುದು ಅಲ್ಲಿ. ವೈರಸ್ಸು ನರಗಳಿಗೆ ಮಾಡಿದ ಗಾಯವೇ ಆ ಘಟಕದ ಜನನಕ್ಕೆ ಕಾರಣವಾಯಿತೆಂಬುದು ನೆನಪಿಡತಕ್ಕ ಸಂಗತಿ.

ಆದರೆ ಘಟಕವಿದ್ದರೆ ಸಾಲದು, ರೋಗಿ ಅದನ್ನು ಮುಟ್ಟಬೇಕು. ದುರ್ಗದಿಂದ ದಾವಣಗೆರೆ ಸುಮಾರು ೬೦ ಕಿಲೋಮೀಟರು, ಬೆಂಗಳೂರು ಸುಮಾರು ೨೦೦. ಮಿದುಳು ಮತ್ತು ನರಗಳ ರೋಗಕ್ಕೆ ಹೆಸರಾದ ನಿಮ್ಹಾನ್ಸ್ ಸಂಸ್ಥೆ ೧೯೭೪ರಲ್ಲಿ ರೂಪುಗೊಂಡುದು ಬೆಂಗಳೂರಿನಲ್ಲಿ. ಹೊಸದುರ್ಗದ ಒಳಹಳ್ಳಿಯ ರೋಗಿಗೆ ಆ ದಾರಿ ನಕ್ಷೆಯಲ್ಲಿರುವುದಕ್ಕಿಂತ ಉದ್ದ. ಮೊದಲು ಮನೆಯವರು ಇದು ಗಾಳಿಯ ಕಾಟವಲ್ಲ, ದೃಷ್ಟಿಯಲ್ಲ, ಸುಸ್ತಲ್ಲ, ಮಿದುಳಿನ ತೊಂದರೆ ಎಂದು ಗುರುತಿಸಬೇಕು. ಆಮೇಲೆ ವಾಹನ, ಹಣ, ಜೊತೆಗೆ ಹೋಗುವ ಜನ ಒದಗಬೇಕು. ಈ ಮೊದಲನೆಯ ಹೆಜ್ಜೆ ಮಾತ್ರ ಯಾವ ಊರಿನಲ್ಲಿಯೂ ಖರ್ಚಿಲ್ಲದೆ ಇಡಬಹುದಾದದ್ದು. ಜ್ವರದ ರೋಗಿ ಹೆಸರು, ಊರು, ಹೊತ್ತು ಮರೆತರೆ, ಅತಿಯಾಗಿ ನಿದ್ರಿಸಿ ಎಬ್ಬಿಸಿದರೂ ಏಳದಿದ್ದರೆ, ಸೆಳೆತ ಬಂದರೆ, ಕತ್ತು ಬಿಗಿದರೆ, ಕಾಲು ಬಲಗುಂದಿ ಮೇಲಕ್ಕೇರತೊಡಗಿದರೆ, ಹಸುಗೂಸು ಹಾಲು ಬಿಟ್ಟು ಮಂಕಾದರೆ ಬೆಳಗಾಗಲೆಂದು ಕಾಯದೆ ಹೊರಡಬೇಕು.

೨೦೨೦ರಲ್ಲಿ ಕೊರೋನ ಬಂದಾಗ ಈ ಅಧ್ಯಾಯ ಇನ್ನಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಲ್ಪಟ್ಟಿತು. ಅದು ಶ್ವಾಸಕೋಶದ ರೋಗವೆಂದು ತಿಳಿದಿದ್ದೆವು. ಆದರೆ ವಾಸನೆ ಹೋಯಿತು, ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಿತು, ನಿಗಾ ಘಟಕದಲ್ಲಿದ್ದವರಿಗೆ ಸನ್ನಿ ಹಿಡಿಯಿತು. ೧೪ ದೇಶಗಳ ೬೯ ಘಟಕಗಳಲ್ಲಿ ೨,೦೮೮ ರೋಗಿಗಳನ್ನು ಗಮನಿಸಿದ ಒಂದು ಅಧ್ಯಯನ ೨೦೨೧ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಸನ್ನಿಯಾಗಿದ್ದಿತು. ಮನೆಯವರು ನೇರವಾಗಿಯೋ ಫೋನಿನ ಮೂಲಕವೋ ಭೇಟಿ ಮಾಡುತ್ತಿದ್ದ ರೋಗಿಗಳಲ್ಲಿ ಮಾತ್ರ ಅದು ಗಣನೀಯವಾಗಿ ಕಡಿಮೆ. ಯಂತ್ರಗಳ ನಡುವೆ ಮಲಗಿದವನಿಗೆ ತಂಗಿಯ ದನಿ, ಹೆಂಡತಿಯ ದನಿ, ಇಂದು ಯಾವ ವಾರವೆಂದು ಹೇಳುವ ಒಂದು ಮಾತು ಔಷಧದಷ್ಟೇ ಬೇಕು. ಸನ್ನಿ ಹಿಡಿದವನ ಬಳಿ ಬಂಧುಗಳು ಎಡೆಬಿಡದೆ ಕುಳಿತು ಹೆಸರು ಹಿಡಿದು ಕರೆಯುತ್ತಿದ್ದ ನಮ್ಮ ಹಳೆಯ ಪದ್ಧತಿಯಲ್ಲಿ ಅರ್ಥವಿದ್ದಿತೆಂದು ಈಗ ತಿಳಿಯುತ್ತದೆ.

ಚಿಕುನ್‌ಗುನ್ಯಕ್ಕೆಂದೇ ಒಂದು ಔಷಧ ಇನ್ನೂ ಇಲ್ಲ. ೨೦೨೩ರಲ್ಲಿ ಅಮೆರಿಕದಲ್ಲಿ ಮೊದಲ ಲಸಿಕೆಗೆ ಅನುಮತಿ ದೊರೆಯಿತು. ವಯಸ್ಸಾದ ಕೆಲವರಲ್ಲಿ ಮಿದುಳಿನ ಉರಿಯೂತವೂ ಸೇರಿದಂತೆ ಗಂಭೀರ ತೊಡಕುಗಳು ಕಂಡುದರಿಂದ ೨೦೨೫ರ ಆಗಸ್ಟಿನಲ್ಲಿ ಅಲ್ಲಿ ಆ ಅನುಮತಿ ಅಮಾನತಾಯಿತು. ದುರ್ಬಲಗೊಳಿಸಿದ ವೈರಸ್ಸು ಕೂಡ ಒಮ್ಮೊಮ್ಮೆ ಆ ಕಿಂಡಿಯನ್ನೇ ಹುಡುಕುತ್ತದೆಂಬುದಕ್ಕೆ ಇದೊಂದು ನಿದರ್ಶನ. ಹೀಗಿರುವಾಗ ಉಳಿದ ಉಪಾಯ ತೊಟ್ಟಿಯ ಬಳಿಯಲ್ಲಿಯೇ ಇದೆ. ನೀರು ಕೂಡಿಡುವುದನ್ನು ಬಿಡಿ ಎಂದು ದುರ್ಗದವರಿಗೆ ಹೇಳುವುದು ಬದುಕುವುದನ್ನು ಬಿಡಿ ಎಂದಂತೆ. ಕೂಡಿಟ್ಟ ನೀರಿಗೆ ಬಿಗಿಯಾದ ಮುಚ್ಚಳವಿರಲಿ ಅಥವಾ ಬಟ್ಟೆ ಕಟ್ಟಿರಲಿ. ವಾರಕ್ಕೊಂದು ದಿನ ತೊಟ್ಟಿಯನ್ನು ಬರಿದು ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ಒಣಗಿಸಿದರೆ, ಅಂಟಿದ ಮೊಟ್ಟೆಗಳು ಉದುರಿ ಹೋಗುತ್ತವೆ. ನೀರು ಚೆಲ್ಲಿದರೆ ಸಾಲದು, ಉಜ್ಜಬೇಕು. ಏಳರಿಂದ ಹತ್ತು ದಿನ ಬೇಕಾದ ಸೊಳ್ಳೆಗೆ ಏಳನೆಯ ದಿನ ದೊರೆಯದಂತೆ ಮಾಡುವುದೇ ಇದರ ಮರ್ಮ.

ಕಣ್ಣಿಗೆ ಕಂಡ ಮುತ್ತಿಗೆಗಳನ್ನು, ಗೆದ್ದವರನ್ನು, ಸೋತವರನ್ನು ದುರ್ಗದ ಚರಿತ್ರೆ ಚೆನ್ನಾಗಿ ಬರೆದಿಟ್ಟಿದೆ. ೨೦೦೬ರ ಮುತ್ತಿಗೆಯಲ್ಲಿ ಬೆನ್ನು ಬಾಗಿದವರ ಲೆಕ್ಕ ಸಿಕ್ಕಿದೆ, ಬುದ್ಧಿ ಮಸುಕಾಗಿ ಹೋದವರ ಲೆಕ್ಕ ಸೊನ್ನೆಯ ಹಿಂದೆ ಅಡಗಿದೆ. ಮುಂದಿನ ಸಲ ಜ್ವರ ತಲೆಗೇರಿದಾಗ ಮನೆಯವರು ಅದನ್ನು ಗುರುತಿಸಿ, ವೈದ್ಯರು ಪರೀಕ್ಷಿಸಿ, ಕಚೇರಿಯವರು ಬರೆದಿಟ್ಟರೆ ಹಲವರು ಉಳಿದಾರು. ಉಳಿಯದವರಿಗೂ ಚರಿತ್ರೆಯಲ್ಲಿ ಒಂದು ಸಾಲಾದರೂ ಸಿಕ್ಕೀತು.